ವಿಂಡೋಸ್ 7ರಿಂದ 10ಕ್ಕೆ ಬಂದ ಮೇಲೆ ಎಕ್ಸ್‌ಪ್ರೆಸ್‌ಕಾರ್ಡ್: ಹಳೆ ಡ್ರೈವರೋ, ವಿಂಡೋಸ್‌ನದೋ?

ಅಪ್‌ಗ್ರೇಡ್ ಆದ ಮೇಲೆ ಲ್ಯಾಪ್‌ಟಾಪಿನ ಎಕ್ಸ್‌ಪ್ರೆಸ್‌ಕಾರ್ಡ್ (ಬದಿಯ ಸ್ಲಾಟ್‌ಗೆ ತೂರಿಸಿ ಹೊಸ ಪೋರ್ಟ್ ಪಡೆಯುವ ಕಾರ್ಡ್) ಸುಮ್ಮನಾದರೆ ಇರುವ ದಾರಿ ಎರಡು. ಕಾರ್ಡ್ ತಯಾರಕರ ಹಳೆಯ ಡ್ರೈವರನ್ನೇ ಮತ್ತೆ ಹಾಕುವುದು, ಇಲ್ಲವೇ ಅದನ್ನು ಕಿತ್ತು ವಿಂಡೋಸ್ ಜತೆ ಬರುವ ಡ್ರೈವರ್‌ಗೆ ಬಿಡುವುದು. ಎರಡನ್ನೂ ಹಾಕಿ ನೋಡಿದರೆ ಯುಎಸ್‌ಬಿ 3.0 ಕಾರ್ಡ್ ಒಂದು ಉತ್ತರ ಕೊಡುತ್ತದೆ, ಫೈರ್‌ವೈರ್ (ಹಳೆಯ ವಿಡಿಯೋ, ಆಡಿಯೋ ಸಾಧನಗಳ ಪೋರ್ಟ್) ಕಾರ್ಡ್ ಇನ್ನೊಂದು.

ಅದಕ್ಕೂ ಮೊದಲು ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿನೊಂದಿಗೆ ಕಾರ್ಡ್ ಕಂಡರೆ ತೊಂದರೆ ಬಹುಪಾಲು ಡ್ರೈವರಿನದು. ಕಾರ್ಡೇ ಕಾಣದಿದ್ದರೆ ಯಾವ ಡ್ರೈವರ್ ಹಾಕಿದರೂ ದಂಡ. ಆಗ ಕಾರ್ಡನ್ನು ಸ್ಲಾಟ್‌ನಲ್ಲಿಟ್ಟು, ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿ, ಮತ್ತೆ ಆನ್ ಮಾಡಿ. ವಿಂಡೋಸ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ಮಾಮೂಲಿ ಶಟ್‌ಡೌನ್ ಎಂದರೆ ಅರೆನಿದ್ದೆ: ವಿಂಡೋಸಿನ ತಿರುಳಾದ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ಹೀಗೆ ಮಾಡಿದಾಗ ಕಾರ್ಡ್ ಕಂಡರೆ ಫಾಸ್ಟ್ ಸ್ಟಾರ್ಟಪ್ಪನ್ನೇ ತೆಗೆದುಬಿಡಿ. ಆಗಲೂ ಕಾಣದಿದ್ದರೆ ಬಯೋಸ್‌ನಲ್ಲಿ ಸ್ಲಾಟ್ ಡಿಸೇಬಲ್ ಆಗಿದೆಯೇ ನೋಡಿ.

ಯುಎಸ್‌ಬಿ 3.0 ಕಾರ್ಡ್‌ನಲ್ಲಿ ವಿಂಡೋಸ್‌ನ ಡ್ರೈವರಿಗೇ ನನ್ನ ಮತ. ವಿಂಡೋಸ್ 8ರಿಂದಲೇ ಇದು ಒಳಗಿದೆ. ಹಳೆಯದನ್ನು ಹಾಕಿದರೆ ಸಾಧನ ಶುರುವಾಗದ ಕೋಡ್ 10, ಇಲ್ಲವೇ ಡ್ರೈವರಿನ ಡಿಜಿಟಲ್ ಸಹಿ ಒಪ್ಪದ ಕೋಡ್ 52 ಎಂಬ ದೋಷ ಬರಬಹುದು. ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 7 ಒತ್ತಿ ಸಹಿ ತಪಾಸಣೆ ನಿಲ್ಲಿಸಬಹುದು, ಆದರೆ ಅದು ಆ ಒಂದು ಬೂಟ್‌ಗೆ ಮಾತ್ರ. ದಿನಾ ಮಾಡುವ ಕೆಲಸವಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಯುಎಸ್‌ಬಿ ಕಂಟ್ರೋಲರ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಡುವಾಗ, ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸುವ ಚೌಕಕ್ಕೆ ಟಿಕ್ ಹಾಕಿ. ಹಾಕದಿದ್ದರೆ ‘ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್’ ಒತ್ತಿದ ಕೂಡಲೇ ಹಳೆಯದೇ ವಾಪಸ್ ಬಂದು ಕೂರುತ್ತದೆ. ಕಂಟ್ರೋಲರ್ ಹೆಸರಿನ ಕೊನೆಯಲ್ಲಿ ‘ಮೈಕ್ರೋಸಾಫ್ಟ್’ ಎಂದಿದ್ದರೆ ಕೆಲಸ ಆದಂತೆ.

ಪೆನ್‌ಡ್ರೈವ್ ಓಡಿ, ಪೋರ್ಟಬಲ್ ಹಾರ್ಡ್‌ಡಿಸ್ಕ್ ಮಾತ್ರ ಕಡಿದುಕೊಳ್ಳುತ್ತಿದ್ದರೆ ಅಪ್‌ಗ್ರೇಡನ್ನು ಬೈಯಬೇಡಿ. ಈ ಸ್ಲಾಟ್ ಕೊಡುವುದು 3.3 ಮತ್ತು 1.5 ವೋಲ್ಟ್, ಯುಎಸ್‌ಬಿಗೆ ಬೇಕಾದ 5 ವೋಲ್ಟನ್ನು ಕಾರ್ಡೇ ಹೊಂದಿಸಿಕೊಳ್ಳಬೇಕು. ಕಾರ್ಡಿನ ಬದಿಯಲ್ಲಿ ಪುಟ್ಟ ಪವರ್ ಜ್ಯಾಕ್ ಇದ್ದರೆ ಅದು ಇದಕ್ಕೇ. ವೇಗವೂ ಅಷ್ಟೇ: ಕಾರ್ಡ್ ಲ್ಯಾಪ್‌ಟಾಪಿನೊಂದಿಗೆ ಮಾತಾಡುವ ದಾರಿಯಾದ ಮೊದಲ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ ಒಂದು ಲೇನ್ ಸೆಕೆಂಡಿಗೆ 250 ಎಂಬಿ ದಾಟುವುದಿಲ್ಲ.

ಫೈರ್‌ವೈರ್‌ನಲ್ಲಿ ಲೆಕ್ಕ ತಿರುಗುಮುರುಗು. ವಿಂಡೋಸ್ 10ರ ಡ್ರೈವರ್ ತಕರಾರಿಲ್ಲದೆ ಕೂರುತ್ತದೆ, ಆದರೆ ಹಳೆಯ ಕ್ಯಾಮ್‌ಕಾರ್ಡರ್, ಆಡಿಯೋ ಇಂಟರ್‌ಫೇಸ್‌ಗಳು ಅದರೊಂದಿಗೆ ಹೊಂದದೆ ನಡುವೆ ಕೈಕೊಡಬಹುದು. ಆಗ ಬೇಕಾದದ್ದು ‘1394 ಓಎಚ್‌ಸಿಐ ಲೆಗಸಿ’ ಡ್ರೈವರ್. ವಿಂಡೋಸ್ 8ರಲ್ಲಿ ಕೈಬಿಟ್ಟ ಇದನ್ನು ಮೈಕ್ರೋಸಾಫ್ಟ್ ಬೇರೆಯಾಗಿ ಕೊಟ್ಟಿತು. ಇಲ್ಲೇ ಬಹಳ ಜನ ಎಡವುವುದು: ಇನ್‌ಸ್ಟಾಲರ್ ಓಡಿಸಿದರೆ ಫೈಲುಗಳು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗೆ ಬೀಳುತ್ತವೆ, ಡ್ರೈವರ್ ಬದಲಾಗುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ಡ್ರೈವರ್, ಬ್ರೌಸ್, ‘ಲೆಟ್ ಮಿ ಪಿಕ್’, ‘ಹ್ಯಾವ್ ಡಿಸ್ಕ್’ ಎಂದು ಹೋಗಿ, 64 ಬಿಟ್ ಆದರೆ ಅದರದೇ ಫೋಲ್ಡರ್ ತೋರಿಸಿ ಲೆಗಸಿಯನ್ನು ಕೈಯಾರೆ ಆರಿಸಬೇಕು. ಹಾಗೆಯೇ ಪವರ್ ಆಪ್ಷನ್ಸ್‌ನಲ್ಲಿ, ವಿದ್ಯುತ್ ಉಳಿಸಲು ಈ ಸಂಪರ್ಕವನ್ನು ಮಲಗಿಸುವ ಪಿಸಿಐ ಎಕ್ಸ್‌ಪ್ರೆಸ್‌ನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ.

ಇನ್ನು ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸುವ ಇಸಾಟಾ ಕಾರ್ಡ್: ಚಿಪ್ ಎಎಚ್‌ಸಿಐ ಎಂಬ ಸಾಮಾನ್ಯ ಮಾನದಂಡದ್ದಾದರೆ ವಿಂಡೋಸ್‌ನದು ಸಾಕು. ಸಿಲಿಕಾನ್ ಇಮೇಜ್ 3132 ಚಿಪ್ ಎಎಚ್‌ಸಿಐ ಅಲ್ಲ, ಅದಕ್ಕೆ ಅದರದೇ ಡ್ರೈವರ್ ಬೇಕು.