ಆಮ್‌ಸ್ಟರ್‌ಡ್ಯಾಮೋ, ರೊಸ್ಟಾಕೋ? ಹಾಯಿಹಡಗಿನ ಹಬ್ಬಕ್ಕೆ ಹೊರಟವರಿಗೆ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಮಕ್ಕಳು ಈಗ ಯುರೋಪಿನಲ್ಲಿದ್ದಾರೆ. ಅವರನ್ನು ನೋಡಲು ಹೋಗುವ ಅಪ್ಪ-ಅಮ್ಮಂದಿರು ಆಗಸ್ಟ್ ತಿಂಗಳನ್ನೇ ಆರಿಸಿಕೊಂಡರೆ ಒಳ್ಳೆಯದು. ಪಂಚಮಿ ಉಂಡಿ ಕಟ್ಟಿಕೊಂಡೇ ಹೊರಡಿ. ದೊಡ್ಡ ಹಾಯಿಹಡಗುಗಳ ಎರಡು ಹಬ್ಬಗಳೂ ಆ ತಿಂಗಳಲ್ಲೇ ಬರುತ್ತವೆ.

ಆಮ್‌ಸ್ಟರ್‌ಡ್ಯಾಮಿನ 'ಸೇಲ್' 1975ರಲ್ಲಿ ಶುರುವಾಯಿತು. ಐದು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ. 2020ರದ್ದು ಕೊರೊನಾದಿಂದ ರದ್ದಾಯಿತು, 2025ರದ್ದು ಮುಗಿದಿದೆ. ಮುಂದಿನದಕ್ಕೆ 2030ರವರೆಗೆ ಕಾಯಬೇಕು. ಮೊದಲ ದಿನ ಹಡಗುಗಳು ಸಮುದ್ರದಿಂದ ಕಾಲುವೆ ಹಿಡಿದು ಸಾಲಾಗಿ ಊರೊಳಗೆ ಬರುತ್ತವೆ. ಆ ಮೆರವಣಿಗೆಯ ವೈಭವವೇ ಬೇರೆ. ದಡದಲ್ಲಿ ನಿಂತು ನೋಡಲು ಟಿಕೆಟ್ ಬೇಡ. ಆದರೆ ಜನ ವಿಪರೀತ, ಹೋಟೆಲ್ ದುಬಾರಿ.

ಜರ್ಮನಿಯ ರೊಸ್ಟಾಕಿನ 'ಹಾನ್ಸ ಸೇಲ್' 1991ರಿಂದ ಇದೆ. ಇದು ವರ್ಷವರ್ಷವೂ ಬರುವ ಹಬ್ಬ. ಇಲ್ಲಿ ಟಿಕೆಟ್ ತೆಗೆದುಕೊಂಡರೆ ಹಡಗಿನಲ್ಲೇ ಬಾಲ್ಟಿಕ್ ಸಮುದ್ರಕ್ಕೆ ಹೋಗಿ ಬರಬಹುದು! ತಲೆಯ ಮೇಲೆ ಹಾಯಿ ಬಿಚ್ಚಿಕೊಂಡು ಗಾಳಿ ತುಂಬಿಕೊಳ್ಳುವುದನ್ನು ನೋಡಿದರೆ, ಎಂಜಿನ್ ಇಲ್ಲದ ಕಾಲದಲ್ಲಿ ಜನ ಸಮುದ್ರ ದಾಟಿದ್ದು ಹೇಗೆ ಅಂತ ತಾನಾಗಿಯೇ ತಿಳಿಯುತ್ತದೆ. ದಡದಿಂದ ಅದು ಸಿಗುವುದಿಲ್ಲ. ಬೆಚ್ಚನೆಯ ಜಾಕೆಟ್ ಇರಲಿ, ಅಲ್ಲಿಯ ಗಾಳಿ ಆಗಸ್ಟಿನಲ್ಲೂ ತಣ್ಣಗಿರುತ್ತದೆ. ಒಳ್ಳೆಯ ಹಡಗಿನ ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿ.

ವೀಸಾ ವಿಚಾರದಲ್ಲಿ ವ್ಯತ್ಯಾಸ ಇಲ್ಲ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಎರಡಕ್ಕೂ ಸಾಕು.

ಮೊಣಕಾಲು ನೋವಿನಿಂದ ಹಡಗು ಹತ್ತಿಳಿಯಲು ಆಗದವರು, 2030ರ ತನಕ ಕಾಯಬಲ್ಲವರು ಆಮ್‌ಸ್ಟರ್‌ಡ್ಯಾಮಿಗೆ ಹೋಗಲಿ. ಉಳಿದವರಿಗೆ ನಾನು ರೊಸ್ಟಾಕನ್ನೇ ಹೇಳುತ್ತೇನೆ, ಅದೂ ಮೊಮ್ಮಕ್ಕಳು ಜೊತೆಗಿದ್ದರಂತೂ ಎರಡನೇ ಯೋಚನೆ ಬೇಡ.