ಕಾಸರಗೋಡಿನ ಕೀ ಅಂಗಡಿ: ಕೆಲಸ ಚೊಕ್ಕ, ಆದರೆ ಎರಡೂ ಕೀ ಹಿಡ್ಕೊಂಡು ಹೋಗಿ

ತಪ್ಪು ನನ್ನದೇ. ಕಾರಿನ ರಿಮೋಟ್ ಕೀ ಪ್ಯಾಂಟಿನ ಕಿಸೆಯಲ್ಲೇ ವಾಷಿಂಗ್ ಮೆಷಿನ್‌ಗೆ ಹೋಯಿತು. ಒಣಗಿಸಿ ಹೊಸ 2032 ಸೆಲ್ ಹಾಕಿದರೂ ಬಾಗಿಲು ತೆರೆಯಲಿಲ್ಲ. ಆದರೆ ಅದೇ ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು! ಮಂಗಳೂರಿನ ಒಂದು ಶೋರೂಮಿಗೆ ಫೋನ್ ಮಾಡಿದರೆ ಹದಿನೈದು ದಿನ ಕಾಯಬೇಕು ಅಂದರು.

ಕಾಸರಗೋಡು ಹಳೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಕೀ ಅಂಗಡಿಯಿದೆ. ಬೋರ್ಡು ಬರೀ ಮಲಯಾಳದಲ್ಲಿ. ನನ್ನಂಥ ಕನ್ನಡ ಮೀಡಿಯಂನವರು ಬಾಗಿಲಲ್ಲಿ ತೂಗುವ ಕೀ ಗೊಂಚಲು ನೋಡಿಯೇ ಗುರುತಿಸಬೇಕು. ಅಂಗಡಿಯವರು ಮೊದಲು ಕೇಳಿದ್ದು ಗಾಡಿಯ ಆರ್‌ಸಿ (ನೋಂದಣಿ ಪತ್ರ). ನನಗೆ ಅದು ಹಿಡಿಸಿತು. ಏನೂ ಕೇಳದೆ ಕೀ ಮಾಡಿಕೊಡುವವರನ್ನು ನಂಬುವುದು ಹೇಗೆ, ಅಲ್ವಾ?

ರಿಮೋಟನ್ನು ಒಂದು ಪುಟ್ಟ ಮೀಟರಿಗೆ ಹಿಡಿದು ಬಟನ್ ಒತ್ತಿದರು. ಸಿಗ್ನಲ್ಲೇ ಇಲ್ಲ. ಬಾಗಿಲು ತೆರೆಯುವ ರಿಮೋಟ್ ಬೋರ್ಡ್ ಬೇರೆ, ಇಂಜಿನ್‌ಗೆ ಒಪ್ಪಿಗೆ ಕೊಡುವ ಚಿಪ್ ಬೇರೆ ಅಂತ ಬಿಚ್ಚಿ ತೋರಿಸಿದರು. ಚಿಪ್‌ಗೆ ಸೆಲ್ ಬೇಡ, ಕೀ ತೂತಿನ ಸುತ್ತ ಇರುವ ಕಾಯಿಲಿನಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಹಾಗಾಗಿ ನೀರಲ್ಲಿ ಮಿಂದರೂ ಅದು ಬದುಕಿತ್ತು. ಹೊಸ ಬೋರ್ಡ್ ಮಾತ್ರ ಸಾಕು ಅಂದರು. ಪೂರ್ತಿ ಕೀ ಬದಲಿಸಿ ಅಂದಿದ್ದರೂ ನಾನು ಸುಮ್ನೆ ಒಪ್ಪುತ್ತಿದ್ದೆ.

ಆಮೇಲೆ ಬಂತು ರಗಳೆ. "ರಂಡು ತಾಕೋಲೂ ವೇಣಂ", ಅಂದರೆ ಎರಡೂ ಕೀ ಬೇಕು ಅಂದರು. ನನ್ನ ಗಾಡಿಯಲ್ಲಿ ಹೊಸ ರಿಮೋಟ್ ಸೇರಿಸಿದರೆ ಹಳೆಯದರ ನೆನಪು ಅಳಿಸಿಹೋಗುತ್ತದಂತೆ. ಎರಡನ್ನೂ ಒಟ್ಟಿಗೇ ಕಲಿಸಬೇಕು. ಇನ್ನೊಂದು ಕೀ ಬದಿಯಡ್ಕದಲ್ಲಿ, ಮನೆಯ ಕಪಾಟಿನಲ್ಲಿ! ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿದಾಗಲೇ ಹೇಳಬಹುದಿತ್ತು. ಜಡಿಮಳೆಯಲ್ಲಿ ಹೋಗಿ ತಂದೆ. ಒಂದು ಸ್ಟಾರ್ ಕಡಿಮೆ ಕೊಡುತ್ತಿರುವುದು ಇದಕ್ಕೇ.

ಕೆಲಸ ಹತ್ತೇ ನಿಮಿಷ. ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿಗೆ ಯಂತ್ರ ಜೋಡಿಸುವ ಕಿಂಡಿ) ಸ್ಕ್ರೀನ್ ಇರುವ ಯಂತ್ರ ಸಿಕ್ಕಿಸಿದರು. ಎಸಿ, ಲೈಟ್ ಎಲ್ಲ ಆಫ್ ಮಾಡಿಸಿದರು, ನಡುವೆ ಬ್ಯಾಟರಿ ಇಳಿಯಬಾರದಂತೆ. ಒಂದೊಂದೇ ರಿಮೋಟ್ ಒತ್ತಿದಾಗ ನಾಲ್ಕೂ ಬಾಗಿಲು ಟಕ್ ಅಂದವು. ಒತ್ತಿದಾಗಲೆಲ್ಲ ರಿಮೋಟ್ ಕಳಿಸುವ ಕೋಡ್ ಬದಲಾಗುವುದರಿಂದ ಹೀಗೆ ಪರಿಚಯ ಮಾಡಿಸದ ರಿಮೋಟನ್ನು ಕಾರು ಕ್ಯಾರೇ ಅನ್ನುವುದಿಲ್ಲ.

2,200 ರೂಪಾಯಿ ಆಯಿತು, ಬಿಲ್ ಕೇಳಿದ ಮೇಲೆ ಕೊಟ್ಟರು. ಮೊದಲು ಮನೆಯ ಜಗಲಿಯಿಂದಲೇ ಲಾಕ್ ಆಗುತ್ತಿತ್ತು, ಈಗ ಅಂಗಳಕ್ಕೆ ಇಳಿಯಬೇಕು. ಬಟನ್ನೂ ಸ್ವಲ್ಪ ಗಟ್ಟಿ. ಅದೇನೂ ದೊಡ್ಡ ತೊಂದರೆಯಲ್ಲ, ಎರಡು ತಿಂಗಳಿಂದ ಸರಿಯಾಗಿಯೇ ನಡೆಯುತ್ತಿದೆ. ಪ್ಯಾಂಟ್ ಒಗೆಯುವ ಮುಂಚೆ ಕಿಸೆ ನೋಡುವ ಕೆಲಸವನ್ನು ಹೆಂಡತಿ ಈಗ ನನಗೇ ವಹಿಸಿದ್ದಾಳೆ.