ಫೋಟೊಶಾಪ್‌ಗೆ ದುಡ್ಡು ಕೊಡಬೇಕಾ, ಬೇಡ್ವಾ? ಒಬ್ಬ ಸ್ಟುಡಿಯೊದವನ ಲೆಕ್ಕ

ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೊ. ಪಾಸ್‌ಪೋರ್ಟ್ ಫೋಟೊ, ಮದುವೆ ಆಲ್ಬಮ್, ಫ್ಲೆಕ್ಸ್ ಡಿಸೈನ್, ಬಂದದ್ದನ್ನೆಲ್ಲ ಮಾಡುತ್ತೇವೆ. ಒಳಗಿನ ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟ ಫೋಟೊಶಾಪ್ ಇದೆ. ಕೌಂಟರಿನದರಲ್ಲಿ ಫೋಟೊ ತಿದ್ದುವ ಬಿಟ್ಟಿ ಸಾಫ್ಟ್‌ವೇರ್ ಗಿಂಪ್, ಜೊತೆಗೆ ಬ್ರೌಸರಿನಲ್ಲೇ ಓಡುವ ಫೋಟೊಪಿಯಾ. ಎರಡೂ ಕಡೆ ದಿನಾ ಕೈಯಾಡಿಸುತ್ತೇನೆ. "ಯಾವುದು ಒಳ್ಳೇದು ಅಣ್ಣಾ?" ಎಂದು ಕೇಳುವ ಹುಡುಗರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ನಿನಗೆ ಫೈಲು ಕೊಡೋರು ಯಾರು? ನೀನು ಫೈಲು ಕೊಡೋದು ಯಾರಿಗೆ?

ಯಾರಿಗೂ ಕೊಡೋದಿಲ್ಲ, ನನ್ನ ಪ್ರಿಂಟರಿಗೇ ಹೋಗುತ್ತೆ ಅಂದರೆ ದುಡ್ಡು ಖರ್ಚು ಮಾಡಬೇಡಿ. ಪಾಸ್‌ಪೋರ್ಟ್ ಫೋಟೊವನ್ನೇ ನೋಡಿ. 35 x 45 ಮಿಲಿಮೀಟರ್ ಅಳತೆ, 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 413 x 531 ಪಿಕ್ಸೆಲ್ ಆಗುತ್ತದೆ. ಗಿಂಪ್‌ನಲ್ಲಿ ಆ ಅಳತೆಗೆ ಕ್ರಾಪ್ ಮಾಡಿ, ಸುತ್ತ ಕತ್ತರಿ ಆಡಲು 10 ಪಿಕ್ಸೆಲ್ ಬಿಳಿ ಅಂಚು ಬಿಡುತ್ತೇನೆ. ಆಮೇಲೆ ಫಿಲ್ಟರ್ಸ್ ಮೆನುವಿನಲ್ಲಿ ಮ್ಯಾಪ್ ಒಳಗಿರುವ ಟೈಲ್‌ಗೆ ಹೋಗಿ 1732 x 1102 ಎಂದು ಕೊಟ್ಟರೆ ಸಾಲಿಗೆ ನಾಲ್ಕರಂತೆ ಎಂಟು ಫೋಟೊ ಕೂತುಬಿಡುತ್ತವೆ. 4 x 6 ಇಂಚಿನ ಕಾಗದ 1800 x 1200 ಪಿಕ್ಸೆಲ್, ಆರಾಮಾಗಿ ಹಿಡಿಯುತ್ತದೆ. ಫೋಟೊಶಾಪ್‌ನಲ್ಲಿ ಈ ಹಂತಗಳನ್ನೆಲ್ಲ ರೆಕಾರ್ಡ್ ಮಾಡಿ ಒಂದು ಆ್ಯಕ್ಷನ್ ಮಾಡಿಟ್ಟುಕೊಂಡರೆ ಒಂದೇ ಗುಂಡಿ, ನಿಜ. ಆದರೆ ಗಿರಾಕಿ ಚಿಲ್ಲರೆ ಹುಡುಕುವಷ್ಟರಲ್ಲಿ ಗಿಂಪ್‌ನಲ್ಲೂ ಕೆಲಸ ಮುಗಿದಿರುತ್ತದೆ.

ಗಿಂಪ್ ಹೊಸದೇನಲ್ಲ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರು ಮಾಡಿದ್ದು. ಮೊದಲು ಅದರಲ್ಲಿ ಬಣ್ಣ ತಿದ್ದಿ ಓಕೆ ಒತ್ತಿದರೆ ಮುಗಿಯಿತು, ಮತ್ತೆ ಸರಿ ಮಾಡಬೇಕೆಂದರೆ ಅನ್‌ಡೂ ಮಾಡುತ್ತಾ ಹಿಂದಕ್ಕೆ ಹೋಗಬೇಕಿತ್ತು. 2025ರ ಮಾರ್ಚ್‌ನಲ್ಲಿ ಬಂದ 3.0 ಈ ತಲೆನೋವು ಬಹುಪಾಲು ಕಳೆದಿದೆ. ಬೆಳಕು-ಬಣ್ಣ ತಿದ್ದುವ ಕರ್ವ್ಸ್ ಆಗಲಿ, ಮಸುಕು ಮಾಡುವ ಬ್ಲರ್ ಆಗಲಿ, ಹಾಕಿದ್ದನ್ನು ಆಮೇಲೂ ತೆರೆದು ಬದಲಾಯಿಸಬಹುದು.

ಕನ್ನಡದ ವಿಚಾರಕ್ಕೆ ಬಂದರೆ ಗಿಂಪ್ ಮೇಲೆ ನನಗೆ ಒಂದು ಕೈ ಜಾಸ್ತಿ ಪ್ರೀತಿ. ಹಳೆಯ ಫೋಟೊಶಾಪ್‌ನಲ್ಲಿ ಯೂನಿಕೋಡ್‌ನಲ್ಲಿ "ಶ್ರದ್ಧಾಂಜಲಿ" ಎಂದು ಬರೆದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಅದಕ್ಕೇ ನಮ್ಮ ಕಡೆ ಡಿಟಿಪಿಯವರೆಲ್ಲ ನುಡಿ, ಶ್ರೀಲಿಪಿಯ ಹಳೇ ಫಾಂಟುಗಳಿಗೆ ಅಂಟಿಕೊಂಡಿದ್ದು. ಈಗಿನ ಫೋಟೊಶಾಪ್ ಕನ್ನಡವನ್ನು ಸರಿಯಾಗಿಯೇ ಕೂರಿಸುತ್ತದೆ. ಹಳೇ ಆವೃತ್ತಿ ಇಟ್ಟುಕೊಂಡವರು ಮಾತ್ರ ಪ್ರಿಫರೆನ್ಸಸ್‌ನಲ್ಲಿ ಟೈಪ್ ಭಾಗಕ್ಕೆ ಹೋಗಿ ವರ್ಲ್ಡ್ ರೆಡಿ ಲೇಔಟ್ (ಇಂಥ ಲಿಪಿಗಳನ್ನು ಸರಿಯಾಗಿ ಕೂರಿಸುವ ಆಯ್ಕೆ) ಇದೆಯಾ ನೋಡಬೇಕು. ಗಿಂಪ್‌ನಲ್ಲಿ ಈ ರಗಳೆಯೇ ಇಲ್ಲ. ಯೂನಿಕೋಡ್ ಫಾಂಟ್ ಹಾಕಿ, ಟೈಪ್ ಮಾಡಿ, ಆಯ್ತು.

ಹಾಗಾದರೆ ನಾನು ದುಡ್ಡು ಯಾಕೆ ಕಟ್ಟುತ್ತಿದ್ದೇನೆ?

ಒಂದು, ಕೂದಲು. ಮದುವೆ ಹೆಣ್ಣಿನ ಜಡೆಯಲ್ಲಿ ಮಲ್ಲಿಗೆ ದಂಡೆ, ಹಣೆಯ ಮೇಲೆ ಹಾರಾಡುವ ಎಳೆಗೂದಲು, ಹಿಂದೆ ಛತ್ರದ ಬಣ್ಣಬಣ್ಣದ ಪರದೆ. ಇದನ್ನು ಹಿನ್ನೆಲೆಯಿಂದ ಬಿಡಿಸಬೇಕು. ಫೋಟೊಶಾಪ್‌ನ ಸೆಲೆಕ್ಟ್ ಸಬ್ಜೆಕ್ಟ್ ಒತ್ತಿ, ಕೂದಲ ಅಂಚಿನ ಮೇಲೆ ರಿಫೈನ್ ಬ್ರಷ್ ಆಡಿಸಿದರೆ ಎಳೆ ಎಳೆಯಾಗಿ ಬರುತ್ತದೆ. ಮಲ್ಲಿಗೆಯ ಬಿಳಿ ಅಂಚಿಗೆ ಪರದೆಯ ಬಣ್ಣ ಮೆತ್ತಿಕೊಂಡಿದ್ದರೆ ಅದನ್ನು ತೆಗೆಯುವ ಆಯ್ಕೆಯೂ ಅಲ್ಲೇ ಇದೆ. ಗಿಂಪ್‌ನ ಫೋರ್‌ಗ್ರೌಂಡ್ ಸೆಲೆಕ್ಟ್ ಇದೇ ಕೆಲಸ ಮಾಡುತ್ತದೆ, ಆದರೆ ಯಾವುದು ಮುಂದಿನದು, ಯಾವುದು ಹಿಂದಿನದು ಎಂದು ನಾವೇ ಗೀಚಿ ತೋರಿಸಬೇಕು, ಕಾಯಬೇಕು, ಮತ್ತೆ ಗೀಚಬೇಕು. ಒಂದು ಫೋಟೊಗೆ ಪರವಾಗಿಲ್ಲ. ಒಂದು ಆಲ್ಬಮ್‌ಗೆ ಆಗಲ್ಲ.

ಎರಡನೆಯದೇ ಮುಖ್ಯ: ಪಿಎಸ್‌ಡಿ, ಅಂದರೆ ಫೋಟೊಶಾಪ್‌ನ ಸ್ವಂತ ಬಗೆಯ ಫೈಲು. ಆಲ್ಬಮ್ ಲ್ಯಾಬಿನವರು, ಟೆಂಪ್ಲೇಟ್ ಮಾರುವವರು, ಬೇರೆ ಊರಿನ ಡಿಸೈನರ್‌ಗಳು, ಎಲ್ಲರೂ ಕಳಿಸುವುದು ಪಿಎಸ್‌ಡಿಯನ್ನೇ. ಗಿಂಪ್ ಅದನ್ನು ತೆರೆಯುತ್ತದೆ, ಆದರೆ ನನ್ನ ಬಳಿ ಇರುವ 3.0ರಲ್ಲಿ ಅಕ್ಷರದ ಲೇಯರ್ (ಪದರ) ಬರೀ ಚಿತ್ರವಾಗಿ ಬರುತ್ತದೆ. ಟೆಂಪ್ಲೇಟಿನಲ್ಲಿದ್ದ ವಧೂವರರ ಹೆಸರು ಬದಲಾಯಿಸಬೇಕೆಂದರೆ ಅಳಿಸಿ ಮೊದಲಿಂದ ಬರೆಯಬೇಕು. ಅಂದರೆ ಫೋಟೊಶಾಪ್‌ಗೆ ನಾನು ಕೊಡುವ ದುಡ್ಡಿನಲ್ಲಿ ಅರ್ಧ, ಬೇರೆಯವರೂ ಫೋಟೊಶಾಪ್ ಬಳಸುತ್ತಾರೆ ಎಂಬ ಕಾರಣಕ್ಕೆ. ಸ್ವಲ್ಪ ಸಿಟ್ಟು ಬರುತ್ತೆ, ಅಲ್ವಾ? ಆದರೆ ದಂಧೆ ಇರುವುದೇ ಹಾಗೆ.

ಇಲ್ಲಿ ನಡುವೆ ಕೈಹಿಡಿಯುವುದು ಫೋಟೊಪಿಯಾ. ಐವಾನ್ ಕುಟ್ಸ್‌ಕಿರ್ ಎಂಬುವರು ಮಾಡಿದ್ದು, 2013ರಿಂದ ಇದೆ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಪಿಎಸ್‌ಡಿಯನ್ನು ಎಳೆದು ಹಾಕಿದರೆ ಅಕ್ಷರ, ನೆರಳು, ಸ್ಮಾರ್ಟ್ ಆಬ್ಜೆಕ್ಟ್ (ಒಳಗೆ ಹುದುಗಿಸಿಟ್ಟ ಚಿತ್ರ) ಬಹುತೇಕ ಹಾಗೇ ತೆರೆದುಕೊಳ್ಳುತ್ತವೆ. ಫೈಲು ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ಪಕ್ಕದಲ್ಲಿ ಜಾಹೀರಾತು ಕುಣಿಯುತ್ತಿರುತ್ತದೆ, ಸಹಿಸಿಕೊಳ್ಳಿ. ಫ್ಲೆಕ್ಸಿನಲ್ಲಿ ಹೆಸರು, ತಾರೀಕು ಬದಲಾಯಿಸುವಂಥ ಕೆಲಸ ನಾನು ಮಾಡುವುದು ಇಲ್ಲೇ.

ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಗುವುದಾದರೆ ಸಿಎಂವೈಕೆ, ಅಂದರೆ ಪ್ರೆಸ್ಸಿನ ನಾಲ್ಕು ಶಾಯಿಗಳ ಬಣ್ಣದ ಲೆಕ್ಕ ಬೇಕು. ಸ್ಕ್ರೀನಿನಲ್ಲಿ ಮಿಂಚುವ ಗಿಳಿ ಹಸಿರು ಕಾಗದದ ಮೇಲೆ ಮಂಕಾಗುತ್ತದೆ, ಮೊದಲೇ ನೋಡಿಕೊಳ್ಳಬೇಕು. ಗಿಂಪ್ ಕೊನೆಗೆ ಸಿಎಂವೈಕೆಯಾಗಿ ಉಳಿಸಿಕೊಡುತ್ತದೆ, ಆದರೆ ಕೆಲಸ ನಡೆಯುವುದೆಲ್ಲ ಆರ್‌ಜಿಬಿಯಲ್ಲಿ, ಅಂದರೆ ಸ್ಕ್ರೀನಿನ ಬಣ್ಣದಲ್ಲಿ. ಬಿಟ್ಟಿಯಲ್ಲೇ ಪೂರ್ತಿ ಸಿಎಂವೈಕೆ ಬೇಕೆಂದರೆ ಕ್ರಿಟಾ ಇದೆ, ಆದರೆ ಅದು ಚಿತ್ರ ಬರೆಯುವವರ ಮನೆ, ಫೋಟೊ ತಿದ್ದುವವರದಲ್ಲ. ಅಫಿನಿಟಿ ಎಂಬ ಕಾಸಿನ ಸಾಫ್ಟ್‌ವೇರನ್ನು ಆನ್‌ಲೈನ್ ಡಿಸೈನ್ ಕಂಪನಿ ಕ್ಯಾನ್ವಾ 2024ರಲ್ಲಿ ಕೊಂಡು, 2025ರ ಅಕ್ಟೋಬರ್‌ನಿಂದ ಪುಕ್ಕಟೆ ಮಾಡಿದೆ. ಅದರಲ್ಲಿ ಸಿಎಂವೈಕೆ ಚೆನ್ನಾಗಿದೆ. ಕ್ಯಾನ್ವಾ ಅಕೌಂಟ್ ಬೇಕು, ಎಐ ಸೌಲಭ್ಯಕ್ಕೆ ದುಡ್ಡು ಬೇಕು. ಎರಡನೇ ಆವೃತ್ತಿಯವರೆಗೆ ಕನ್ನಡದ ಒತ್ತಕ್ಷರ ಅದಕ್ಕೆ ಬರುತ್ತಿರಲಿಲ್ಲ, ಹಾಗಾಗಿ ಪತ್ರಿಕೆ ಪೂರ್ತಿ ಮಾಡುವ ಮೊದಲು ನಿಮ್ಮ ಫಾಂಟಿನಲ್ಲಿ ಒಂದು ಸಾಲು ಬರೆದು ನೋಡಿ.

ಕ್ರ್ಯಾಕ್ ಮಾಡಿದ ಫೋಟೊಶಾಪ್ ಬಗ್ಗೆ ಕೇಳುವವರೂ ಇದ್ದಾರೆ. ಅದು ಕಳ್ಳಮಾಲು, ಮೇಲಾಗಿ ಅದರ ಜೊತೆ ಏನೇನು ಬರುತ್ತೋ ಹೇಳೋಕಾಗಲ್ಲ. ಗಿರಾಕಿಗಳ ಮದುವೆ ಫೋಟೊ ಇರುವ ಹಾರ್ಡ್ ಡಿಸ್ಕಿಗೆ ಅಂಥದ್ದನ್ನು ಬಿಡಬೇಡಿ.

ಫೋಟೊಶಾಪ್ ತಗೊಳ್ಳುವವರಿಗೆ ಎರಡು ಮಾತು. 2013ರಿಂದ ಅದು ಬಾಡಿಗೆ ಮನೆ, ಕೊಂಡುಕೊಳ್ಳಲು ಆಗುವುದಿಲ್ಲ. ತೋರಿಸುವ ದರಕ್ಕೆ ಜಿಎಸ್‌ಟಿ ಸೇರಿದೆಯೇ ನೋಡಿ. ತಿಂಗಳಿಗೆ ಕಟ್ಟುವ ವಾರ್ಷಿಕ ಪ್ಲಾನ್ ತಗೊಂಡು ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಇದನ್ನು ಸರಿಯಾಗಿ ತಿಳಿಸುವುದಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೊಟ್ಟ ದೂರಿನ ಮೇಲೆ ಅಲ್ಲಿನ ಸರ್ಕಾರ 2024ರಲ್ಲಿ ಫೋಟೊಶಾಪ್ ಮಾಡುವ ಅಡೋಬಿ ಕಂಪನಿ ಮೇಲೆ ಕೇಸೇ ಹಾಕಿತ್ತು. ಒಪ್ಪಿಗೆ ಒತ್ತುವ ಮುಂಚೆ ಓದಿ.

ಇನ್ನು ಯಾವುದೇ ಸಾಫ್ಟ್‌ವೇರ್ ಆಗಲಿ, ಮೊದಲು ರ‍್ಯಾಮ್‌ಗೆ ದುಡ್ಡು ಹಾಕಿ. 12 x 36 ಇಂಚಿನ ಒಂದು ಆಲ್ಬಮ್ ಹಾಳೆ 300 ಡಿಪಿಐಗೆ 3600 x 10800 ಪಿಕ್ಸೆಲ್. ಒಂದೊಂದು ಪೂರ್ತಿ ಲೇಯರೂ ನೂರು ಎಂಬಿ ದಾಟುತ್ತದೆ, ಹತ್ತು ಲೇಯರ್ ಆದರೆ ಒಂದು ಜಿಬಿ. 8 ಜಿಬಿ ಇಟ್ಟುಕೊಂಡು ಗಿಂಪ್ ಸ್ಲೋ, ಫೋಟೊಶಾಪ್ ಸ್ಲೋ ಅಂತ ಸುಮ್ನೆ ಬೈಯಬೇಡಿ. 16 ಹಾಕಿಸಿ, ಆಮೇಲೆ ಹೋಲಿಸಿ.